ಎಕ್ಸೇಕಿಯಾಸನ ಜಾಡಿ: ನಿಮ್ಮ ಲೇಖನದ ಕುರಿತು

ಮಾನ್ಯರೇ,

ಟ್ರಾಯ್ ಯುದ್ಧದ ಗ್ರೀಕ್ ವೀರರಾದ ಅಕಿಲೀಸ್ ಮತ್ತು ಅಜಾಕ್ಸ್ ದಾಳವಾಡುತ್ತಿರುವ ಚಿತ್ರವುಳ್ಳ ಗ್ರೀಕ್ ಜಾಡಿಯನ್ನು ಕುರಿತ ನಿಮ್ಮ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಭಾಷೆ ಶುದ್ಧವಾಗಿದೆ, ಪಟ್ಟ ಶ್ರಮವೂ ಕಾಣುತ್ತದೆ. ಆದರೆ ಬಹುಪಾಲು ಪುಟಗಳು ಟ್ರಾಯ್ ಯುದ್ಧದ ಕಥೆಗೇ ಮೀಸಲಾಗಿ, ಜಾಡಿಯ ಪಾಲಿಗೆ 'ಅದ್ಭುತ', 'ಮನಮೋಹಕ' ಎಂಬ ವಿಶೇಷಣಗಳಷ್ಟೇ ಉಳಿದಿವೆ.

ನೋಡುವುದಕ್ಕೆ ಅಲ್ಲಿ ಬೇಕಾದಷ್ಟಿದೆ. ಕ್ರಿ.ಪೂ. 540–530ರ ಸುಮಾರಿಗೆ ಅಥೆನ್ಸಿನ ಎಕ್ಸೇಕಿಯಾಸ್ ತಾನೇ ಮಾಡಿ, ತಾನೇ ಚಿತ್ರಿಸಿ, ಹಾಗೆಂದು ಸಹಿಯನ್ನೂ ಹಾಕಿದ ಈ ಜಾಡಿ ಇಟಲಿಯ ವುಲ್ಚಿಯಲ್ಲಿ ಸಿಕ್ಕಿತು. ಈಗ ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿದೆ. ಆಟದ ನಡುವೆಯೂ ಇಬ್ಬರು ವೀರರು ಈಟಿಗಳನ್ನು ಕೈಬಿಟ್ಟಿಲ್ಲ. ಓರೆಯಾಗಿ ಇಳಿದು ಬರುವ ಆ ಈಟಿಗಳ ಗೆರೆಗಳು ನಮ್ಮ ಕಣ್ಣನ್ನು ನೇರವಾಗಿ ನಡುವಿನ ಮಣೆಗೆ ತಂದು ನಿಲ್ಲಿಸುತ್ತವೆ. ಅಕಿಲೀಸ್ ಶಿರಸ್ತ್ರಾಣ ಧರಿಸಿದ್ದಾನೆ, ಅಜಾಕ್ಸನದು ಹಿಂದಿನ ಗುರಾಣಿಯ ಮೇಲಿದೆ. ಬಾಯಿಯ ಬಳಿಯ ಬರಹದಂತೆ ಅಕಿಲೀಸ್ 'ನಾಲ್ಕು' ಎನ್ನುತ್ತಾನೆ, ಅಜಾಕ್ಸ್ 'ಮೂರು' ಎನ್ನುತ್ತಾನೆ. ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ದಕ್ಕದೆ ಅಜಾಕ್ಸ್ ಆತ್ಮಹತ್ಯೆ ಮಾಡಿಕೊಂಡನೆಂಬುದನ್ನು ಬಲ್ಲ ಗ್ರೀಕರಿಗೆ ಆ ಒಂದು ಅಂಕಿಯ ಸೋಲು ಬರಿಯ ಆಟದ ಸೋಲಾಗಿ ಕಂಡಿರಲಾರದು. ಸಾಯುವ ಮುನ್ನ ಅಜಾಕ್ಸ್ ಕತ್ತಿಯನ್ನು ಮಣ್ಣಿನಲ್ಲಿ ನೆಡುತ್ತಿರುವ ಚಿತ್ರವನ್ನೂ ಎಕ್ಸೇಕಿಯಾಸನೇ ಬರೆದಿದ್ದಾನೆ. ಅದು ಫ್ರಾನ್ಸಿನ ಬುಲೋನ್‌ನಲ್ಲಿದೆ. ಎರಡನ್ನೂ ಜೊತೆಗಿಟ್ಟು ನೋಡಿದ್ದರೆ ನಿಮ್ಮ ಲೇಖನಕ್ಕೆ ಬೆನ್ನೆಲುಬು ಸಿಗುತ್ತಿತ್ತು.

ತಪ್ಪುಗಳೂ ಇವೆ. ಈ ಪ್ರಸಂಗ ಹೋಮರನ ಮಹಾಕಾವ್ಯವಾದ ಇಲಿಯಡ್‌ನದು ಎಂದು ಬರೆದಿದ್ದೀರಿ. ಅಲ್ಲಿ ಇದಿಲ್ಲ, ಇಂದು ಉಳಿದಿರುವ ಬೇರೆ ಪ್ರಾಚೀನ ಕಾವ್ಯಗಳಲ್ಲಿಯೂ ಇಲ್ಲ. 'ಕಪ್ಪು ಬಣ್ಣ ಬಳಿದು' ಎಂದದ್ದೂ ಸರಿಯಲ್ಲ. ಬಳಿದದ್ದು ನುಣುಪಾದ ಜೇಡಿಮಣ್ಣಿನ ತಿಳಿಯನ್ನು. ಆವಿಗೆಗೆ ಗಾಳಿಯನ್ನು ತಡೆದಾಗ ಇಡೀ ಜಾಡಿ ಕಪ್ಪಾಗುತ್ತದೆ. ಮತ್ತೆ ಗಾಳಿ ಬಿಟ್ಟಾಗ ಉಳಿದ ಮೈ ಕೆಂಪಿಗೆ ಮರಳಿದರೂ, ಗಾಜಿನಂತೆ ಬಿಗಿದುಕೊಂಡ ಲೇಪ ಕಪ್ಪಾಗಿಯೇ ಉಳಿಯುತ್ತದೆ. ಮೇಲುವಸ್ತ್ರಗಳ ಮೇಲಿನ ನವಿರಾದ ಕಸೂತಿಯೆಲ್ಲ ಆ ಲೇಪವನ್ನು ಸುಡುವ ಮೊದಲೇ ಮೊನೆಯಿಂದ ಗೀರಿ ಮೂಡಿಸಿದ್ದು. ಇದಕ್ಕೆ ಒಂದು ಪುಟವನ್ನಾದರೂ ಕೊಡಿ.

ಧರ್ಮರಾಯನ ಜೂಜಿನೊಡನೆ ಮಾಡಿರುವ ಹೋಲಿಕೆಯನ್ನು ತೆಗೆದುಹಾಕಿ. ಅಲ್ಲಿ ರಾಜ್ಯವೇ ಪಣವಾಗಿತ್ತು. ಇಲ್ಲಿ ಪಣವೇನೆಂದು ಜಾಡಿ ಹೇಳುವುದಿಲ್ಲ. ದಾಳವೊಂದಿದೆ ಎಂಬ ಕಾರಣಕ್ಕೆ ಶಕುನಿಯನ್ನು ಕರೆತರುವುದು ಓದುಗರನ್ನು ಸುಲಭವಾಗಿ ಒಲಿಸಿಕೊಳ್ಳುವ ಪ್ರಯತ್ನದಂತೆ ಕಾಣುತ್ತದೆ.

ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಜಾಡಿಯ ಛಾಯಾಚಿತ್ರವನ್ನು ಬಳಸಲು ಅನುಮತಿ ಪಡೆದು, ಆ ಪತ್ರವನ್ನೂ ಲಗತ್ತಿಸಿ.

ಇತಿ,
ಸಂಪಾದಕ