ತಾನು ಹಾಡದೆ ತಾಳ ಹಿಡಿದ ಯಂತ್ರ

ಅಟಾರಿ ಎಸ್‌ಟಿ ಕಂಪ್ಯೂಟರು ‘ತನ್ನ ನಾದಗುಣದಿಂದ’ ಸಂಗೀತಗಾರರ ಮನ ಗೆದ್ದಿತೆಂದು ಹಿಂದಿನ ಸಂಚಿಕೆಯಲ್ಲಿ ಬರೆದುದನ್ನು ತಾವು ಆಕ್ಷೇಪಿಸಿದ್ದೀರಿ. ಏಕಕಾಲಕ್ಕೆ ಮೂರೇ ಸ್ವರ ನುಡಿಸಬಲ್ಲ ಸಾಧಾರಣ ಚಿಪ್ ಅದರಲ್ಲಿತ್ತು, 1993ರಲ್ಲಿ ತಯಾರಿಕೆ ನಿಂತ ಯಂತ್ರವನ್ನು ಸ್ಟುಡಿಯೋಗಳು ಆಮೇಲೂ ಉಳಿಸಿಕೊಂಡದ್ದು ಹಳೆಯ ವಸ್ತುವಿನ ಮೋಹದಿಂದಲ್ಲವೇ ಎಂದು ಕೇಳಿದ್ದೀರಿ. ತಮ್ಮ ಕಪಾಟಿನಲ್ಲಿರುವ 1040 ಎಸ್‌ಟಿಯನ್ನು ಗುಜರಿಗೆ ಹಾಕಬಹುದೇ ಎಂದೂ ವಿಚಾರಿಸಿದ್ದೀರಿ.

ಮೊದಲ ಮಾತಿನಲ್ಲಿ ತಪ್ಪು ನಮ್ಮದೇ. ಅದರ ಯಮಾಹಾ ಚಿಪ್‌ಗಾಗಿ ಸ್ಟುಡಿಯೋಗಳು ಅದನ್ನು ಕೊಂಡದ್ದಲ್ಲ. ಆದರೆ ಮೋಹವೆಂಬ ಮಾತನ್ನು ನಾವು ಒಪ್ಪಲಾರೆವು. ಎಸ್‌ಟಿ ತಾನು ಹಾಡದೆ ಉಳಿದವರಿಗೆ ತಾಳ ಹಿಡಿಯಿತು, ಅದರ ದೀರ್ಘಾಯುಷ್ಯದ ಕಾರಣ ಅಲ್ಲಿದೆ.

1985ರಲ್ಲಿ ಬಂದ ಈ ಕಂಪ್ಯೂಟರಿನ ಮೈಯಲ್ಲೇ ಮಿಡಿ ಕಿಂಡಿಗಳಿದ್ದವು. ಯಾವ ಸ್ವರವನ್ನು ಯಾವಾಗ ನುಡಿಸಬೇಕೆಂದು ವಿದ್ಯುನ್ಮಾನ ವಾದ್ಯಗಳಿಗೆ ಸಂದೇಶ ಕಳಿಸುವ ವ್ಯವಸ್ಥೆಯೇ ಮಿಡಿ. ಬೇರೆ ಕಂಪ್ಯೂಟರುಗಳಿಗೆ ಸಿಂಥಸೈಜರ್ ಜೋಡಿಸಲು ಸಾಮಾನ್ಯವಾಗಿ ಇನ್ನೊಂದು ಪೆಟ್ಟಿಗೆಯನ್ನೋ ಕಾರ್ಡನ್ನೋ ಕೊಳ್ಳಬೇಕಿದ್ದ ಕಾಲವದು. ಹ್ಯಾಂಬರ್ಗಿನ ಎರಡು ಸಂಸ್ಥೆಗಳು ಇದನ್ನು ಗುರುತಿಸಿದವು: ಸಿ-ಲ್ಯಾಬ್ ಸ್ವರಗಳನ್ನು ದಾಖಲಿಸಿ, ಜೋಡಿಸಿ ವಾದ್ಯಗಳಿಂದ ನುಡಿಸುವ ಕ್ರಿಯೇಟರ್ ಮತ್ತು ನೋಟೇಟರ್ ತಂತ್ರಾಂಶಗಳನ್ನು ಕೊಟ್ಟರೆ, ಸ್ಟೈನ್‌ಬರ್ಗ್ 1989ರಲ್ಲಿ ಅದೇ ಬಗೆಯ ಕ್ಯೂಬೇಸನ್ನು ಕೊಟ್ಟಿತು. ಫ್ಯಾಟ್‌ಬಾಯ್ ಸ್ಲಿಮ್ ಎಂದೇ ಪ್ರಸಿದ್ಧರಾದ ಇಂಗ್ಲೆಂಡಿನ ಸಂಗೀತಗಾರ ನಾರ್ಮನ್ ಕುಕ್, ಯಂತ್ರದ ತಯಾರಿಕೆ ನಿಂತು ವರ್ಷಗಳಾದ ಮೇಲೂ, ಹೊಸ ಕಂಪ್ಯೂಟರು ಕೊಳ್ಳುವ ಶಕ್ತಿ ಚೆನ್ನಾಗಿಯೇ ಇದ್ದಾಗಲೂ, ಎಸ್‌ಟಿಯಲ್ಲೇ ಹಾಡು ಕಟ್ಟುತ್ತಿದ್ದರು.

ಹೀಗೇಕೆಂದು ಕೊಂಚ ವಿವರವಾಗಿ ಹೇಳಬೇಕು. ಮಿಡಿ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಹರಿಯುತ್ತವೆ. ಒಂದು ಸ್ವರವನ್ನು ಎಬ್ಬಿಸುವ ಮೂರು ಬೈಟ್‌ಗಳ ಸಂದೇಶಕ್ಕೆ ಸುಮಾರು 1 ಮಿಲಿಸೆಕೆಂಡ್ ಹಿಡಿಯುತ್ತದೆ. ಈ ಮಿತಿ ಎಲ್ಲ ಕಂಪ್ಯೂಟರುಗಳಿಗೂ ಒಂದೇ. ವ್ಯತ್ಯಾಸವಿರುವುದು ಸಂದೇಶವು ತಂತಿಯನ್ನು ತಲುಪುವುದಕ್ಕೆ ಮುಂಚೆ. ಎಸ್‌ಟಿಯಲ್ಲಿ ಮಿಡಿಯ ಚಿಪ್ 8 ಮೆಗಾಹರ್ಟ್ಸ್ ಪ್ರೊಸೆಸರಿಗೆ ನೇರವಾಗಿ ಜೋಡಣೆಯಾಗಿತ್ತು, ಮತ್ತು ಆ ಪ್ರೊಸೆಸರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಹೆಚ್ಚೇನೂ ಇರುತ್ತಿರಲಿಲ್ಲ. ಹತ್ತಾರು ಕೆಲಸಗಳನ್ನು ಒಟ್ಟಿಗೆ ನಿಭಾಯಿಸುವ ನಂತರದ ಕಂಪ್ಯೂಟರುಗಳಲ್ಲಿ ಅದೇ ಸಂದೇಶ ಸರದಿಯಲ್ಲಿ ನಿಂತು, ಯುಎಸ್‌ಬಿ ದಾಟಿ, ಒಮ್ಮೆ ಬೇಗ, ಒಮ್ಮೆ ತಡವಾಗಿ ಹೊರಬೀಳಬಹುದು. ಒಂದೇ ಸಮನಾದ ವಿಳಂಬಕ್ಕೆ ಕಿವಿ ಹೊಂದಿಕೊಳ್ಳುತ್ತದೆ. ಪ್ರತಿ ಪೆಟ್ಟಿಗೂ ಬದಲಾಗುವ ವಿಳಂಬದಲ್ಲಿ ಲಯದ ನಡೆ ಎಡವುತ್ತದೆ. ಇಂದು ಕಂಪ್ಯೂಟರಿನ ಒಳಗೇ ನುಡಿಯುವ ವಾದ್ಯಗಳಿಗೆ ಈ ತೊಂದರೆ ಇಲ್ಲವೆಂಬುದನ್ನೂ ಹೇಳಲೇಬೇಕು. ಹೊರಗಿನ ಸಿಂಥಸೈಜರ್, ಡ್ರಮ್ ಯಂತ್ರಗಳನ್ನು ನುಡಿಸುವವರೇ ಎಸ್‌ಟಿಯನ್ನು ಬಿಡದವರು.

ಆದ್ದರಿಂದ ಗುಜರಿಯ ಮಾತನ್ನು ದಯವಿಟ್ಟು ಮುಂದೂಡಿರಿ. ಮೊದಲು ಯಂತ್ರದ ಎಡಬದಿಯ ಕಾರ್ಟ್ರಿಡ್ಜ್ ಕಿಂಡಿಯಲ್ಲಿ ತಂತ್ರಾಂಶದ ನಕಲನ್ನು ತಡೆಯಲು ಕೊಡುತ್ತಿದ್ದ ಪುಟ್ಟ ಕೀಲಿಯೊಂದು ಸಿಕ್ಕಿಸಿದೆಯೇ ನೋಡಿರಿ. ಕ್ಯೂಬೇಸ್, ನೋಟೇಟರ್‌ಗಳು ಅದಿಲ್ಲದೆ ಕೆಲಸ ಮಾಡುವುದಿಲ್ಲ. ಯಂತ್ರಕ್ಕಿಂತ ಅದು ಕಳೆದುಹೋಗುವುದೇ ಸುಲಭ. ಕೀಲಿ ಇದ್ದು, ಜೊತೆಗೆ ಯಾರದಾದರೂ ಹಾಡುಗಳಿರುವ ಫ್ಲಾಪಿಗಳೂ ಇದ್ದರೆ, ಅವು ಓದಿಸಿಕೊಳ್ಳುವಷ್ಟು ದಿನದೊಳಗೆ ಪ್ರತಿಯೊಂದು ಹಾಡನ್ನೂ ಸ್ಟ್ಯಾಂಡರ್ಡ್ ಮಿಡಿ ಫೈಲ್ ರೂಪದಲ್ಲಿ ಉಳಿಸಿಕೊಳ್ಳಿರಿ. ಇಂದಿನ ಬಹುತೇಕ ಸಂಗೀತ ತಂತ್ರಾಂಶಗಳು ಅದನ್ನು ತೆರೆಯುತ್ತವೆ.

— ಸಂಪಾದಕ