‘ಜನರೇಟರ್ ಕಾಯೋ ಕೆಲಸ’ ಅಂದಿರಲ್ಲ!

ಹಾಸನದ ಓದುಗರೊಬ್ಬರ ಪತ್ರ ಬಂದಿದೆ: ‘ನನ್ನ ಅಕ್ಕನ ಮಗ ಬಿ.ಇ. ಎಲೆಕ್ಟ್ರಿಕಲ್ ಓದಿದವನು. ಕೆನಡಾದಲ್ಲಿದ್ದಾನೆ. ಈಗ ಟೊರೊಂಟೊ ಬಿಟ್ಟು ನುನಾವುತ್ ಎಂಬ ಹಿಮದ ಸೀಮೆಗೆ ಡೀಸೆಲ್ ಪವರ್ ಪ್ಲಾಂಟ್ ಆಪರೇಟರ್ ಆಗಿ ಹೊರಟಿದ್ದಾನೆ. ಅಕ್ಕ ದಿನಾ ಅಳುತ್ತಾಳೆ. ಇಷ್ಟು ಓದಿ ಕಾಡುಜನರ ಊರಲ್ಲಿ ಜನರೇಟರ್ ಕಾಯೋದಾ? ನೀವಾದರೂ ನಾಲ್ಕು ಬುದ್ಧಿಮಾತು ಬರೆಯಿರಿ.’

ಬರೆಯುತ್ತೇನೆ, ಆದರೆ ನಿಮಗೆ.

ಅಕ್ಕನ ಅಳು ಸುಮ್ನೆ ಅಲ್ಲ, ಒಪ್ಪಿದೆ. ಮೈನಸ್ 40ರವರೆಗೆ ಇಳಿಯೋ ಚಳಿ. ವಿಮಾನವೇ ಗತಿ, ಹಿಮಗಾಳಿ ಎದ್ದರೆ ಅದೂ ಇಲ್ಲ. ಅಲ್ಲಿನ ತರಕಾರಿ ಬೆಲೆ ಕೇಳಿದರೆ ನಮ್ಮ ಟೊಮ್ಯಾಟೊ ಗಲಾಟೆ ಮರೆತುಹೋಗುತ್ತದೆ. ಆಯ್ತು, ಮುಂದೆ ಹೋಗೋಣ.

ಮೊದಲು ಆ ‘ಕಾಡುಜನ’. ಸ್ವಾಮಿ, ಅದು ಬಹುಪಾಲು ಮರವೇ ಬೆಳೆಯದ ನೆಲ. ಅಲ್ಲಿಯವರು ಇನುಯಿಟ್. ಆ ಪದಕ್ಕೆ ಅವರ ಭಾಷೆಯಲ್ಲಿ ‘ಜನ’ ಅಂತಲೇ ಅರ್ಥ. ಅವರಿಗೆ ಲಿಪಿಯೂ ಇದೆ. ನಾವು ಗುಡಿಸು, ಕೊಂಬು ಹಾಕಿ ಕಿ, ಕು ಮಾಡುತ್ತೇವೆ. ಅವರು ಅಕ್ಷರವನ್ನೇ ತಿರುಗಿಸಿ ಇಡುತ್ತಾರೆ, ಸ್ವರ ಬದಲಾಗುತ್ತದೆ. ಇದನ್ನು ಓದಿದ ದಿನ ನಮ್ಮ ಕಾಗುಣಿತಕ್ಕೆ ದೂರದ ನೆಂಟ ಸಿಕ್ಕಷ್ಟು ಖುಷಿಯಾಗಿತ್ತು.

ಇನ್ನು ‘ಜನರೇಟರ್ ಕಾಯೋದು’. ಕಲ್ಯಾಣಮಂಟಪದ ಹಿಂದೆ ಬೀಡಿ ಸೇದುತ್ತಾ ಕೂತ ಹುಡುಗ ನಿಮ್ಮ ಕಣ್ಣಮುಂದೆ ಬಂದಿರಬೇಕು, ಅಲ್ವಾ? ನುನಾವುತ್‌ನಲ್ಲಿ 25 ಊರುಗಳಿವೆ. ಒಂದರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ, ಕರೆಂಟ್ ಲೈನೂ ಇಲ್ಲ. ಪ್ರತಿ ಊರಿಗೂ ಅದರದ್ದೇ ಡೀಸೆಲ್ ಸ್ಥಾವರ. ಬೇಸಿಗೆಯಲ್ಲಿ ಸಮುದ್ರದ ಹಿಮ ಕರಗಿದಾಗ ಹಡಗಿನಲ್ಲಿ ಬಂದ ಎಣ್ಣೆಯನ್ನು ಟ್ಯಾಂಕುಗಳಲ್ಲಿ ತುಂಬಿಟ್ಟುಕೊಂಡು ಮುಂದಿನ ಬೇಸಿಗೆವರೆಗೆ ದೂಡಬೇಕು.

ಸಂಜೆ ಎಲ್ಲ ಮನೆಗಳಲ್ಲೂ ಅಡುಗೆ ಶುರುವಾಗಿ ಲೋಡ್ ಏರಿತು ಅನ್ನಿ. ಓಡುತ್ತಿರುವ ಎಂಜಿನ್ ಜೊತೆ ಇನ್ನೊಂದನ್ನು ಸೇರಿಸಬೇಕು. ಪ್ಯಾನೆಲ್ ಮೇಲೆ ಗಡಿಯಾರದಂಥ ಮೀಟರ್ ಒಂದಿರುತ್ತದೆ. ಅದರ ಮುಳ್ಳು ಸುತ್ತುತ್ತಿರುತ್ತದೆ. ಎರಡು ಮಷೀನುಗಳ ವೇಗ ಹತ್ತಿರವಾದಂತೆ ಮುಳ್ಳು ನಿಧಾನವಾಗುತ್ತದೆ. ಇನ್ನೇನು ಹನ್ನೆರಡಕ್ಕೆ ಬಂತು ಅನ್ನುವಾಗ ಬ್ರೇಕರ್, ಅಂದರೆ ಎರಡನ್ನೂ ಜೋಡಿಸುವ ದೊಡ್ಡ ಸ್ವಿಚ್, ಹಾಕಬೇಕು. ಲೆಕ್ಕ ತಪ್ಪಿದರೆ ಆ ಹೊಡೆತಕ್ಕೆ ಶಾಫ್ಟೇ ಮುರಿದೀತು. ಈಗ ಬಹಳ ಕಡೆ ಕಂಟ್ರೋಲರೇ ಇದನ್ನು ಮಾಡುತ್ತದೆ. ಅದು ಕೈಕೊಟ್ಟ ರಾತ್ರಿ ಮಾಡೋನು ನಿಮ್ಮ ಸೋದರಳಿಯ.

ಕರೆಂಟ್ ನಿಂತರೆ ಅಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಕೂಡ ನಿಲ್ಲುತ್ತದೆ. ಪೈಪಿನಲ್ಲಿ ನೀರು ಹೆಪ್ಪುಗಟ್ಟುತ್ತದೆ. 2015ರ ಏಪ್ರಿಲ್‌ನಲ್ಲಿ ಪ್ಯಾಂಗ್ನಿರ್ಟಂಗ್ ಎಂಬ ಊರಿನ ಸ್ಥಾವರ ಬೆಂಕಿಗೆ ಸುಟ್ಟುಹೋಯಿತು. ಸುಮಾರು ಒಂದೂವರೆ ಸಾವಿರ ಜನರ ಊರು. ತುರ್ತು ಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ನಮ್ಮಲ್ಲಿ ಕರೆಂಟ್ ಹೋದರೆ ಧಾರಾವಾಹಿ ತಪ್ಪುತ್ತದೆ, ಅಷ್ಟೇ.

ಅಲ್ಲಿನ ವಿದ್ಯುತ್ ಕಂಪನಿಗೆ ಕುಲ್ಲಿಕ್ ಅಂತ ಹೆಸರು. ಕುಲ್ಲಿಕ್ ಅಂದರೆ ಇನುಯಿಟ್ ಮನೆಯ ಕಲ್ಲಿನ ದೀಪ. ಅರ್ಧಚಂದ್ರದ ಆಕಾರ, ಸೀಲ್ ಕೊಬ್ಬಿನ ಎಣ್ಣೆ, ಪಾಚಿಯ ಬತ್ತಿ. ಬೆಳಕು, ಕಾವು, ಅಡುಗೆ, ಒದ್ದೆ ಬಟ್ಟೆ ಒಣಗಿಸೋದು, ಎಲ್ಲಕ್ಕೂ ಅದೇ. ಮನೆಯಾಕೆ ಬತ್ತಿ ಸರಿಮಾಡುತ್ತಲೇ ಇರಬೇಕು, ಇಲ್ಲದಿದ್ದರೆ ಹೊಗೆ. ನಮ್ಮಜ್ಜಿಯೂ ನಂದಾದೀಪಕ್ಕೆ ಎಣ್ಣೆ ಹಾಕಲು ರಾತ್ರಿ ಏಳುತ್ತಿದ್ದಳು. ಅದನ್ನು ಯಾರಾದರೂ ‘ದೀಪ ಕಾಯೋ ಕೆಲಸ’ ಅಂತ ಹೀಯಾಳಿಸಿದ್ದರೆ ಊರುಗೋಲು ಬೀಸುತ್ತಿದ್ದಳು.

ನಮ್ಮೂರಿನ ಲೈನ್‌ಮ್ಯಾನ್ ನೆನಪಾಗುತ್ತಾರೆ. ಜಡಿಮಳೆಯಲ್ಲಿ ಕಂಬ ಹತ್ತುತ್ತಿದ್ದರು. ಕೆಳಗೆ ನಿಂತವರು ‘ಇನ್ನೂ ಎಷ್ಟೊತ್ತು?’ ಅಂತ ಬೈಯುತ್ತಿದ್ದರು. ಊರ ಹಬ್ಬದಲ್ಲಿ ಎಂಜಿನಿಯರ್ ಸಾಹೇಬರಿಗೆ ಶಾಲು, ಹಾರ. ಇವರು ಕೊನೇ ಪಂಕ್ತಿಯಲ್ಲಿ ಸಾರನ್ನ ಉಂಡು ಹೋದರು. ಬಡಿಸಿದವರಲ್ಲಿ ನಾನೂ ಒಬ್ಬ. ಪಾಯಸ ಮುಗಿದಿತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು, ಮನಸ್ಸು ಬಿಡುತ್ತಿಲ್ಲ. 1953ರಲ್ಲಿ ಕೆನಡಾ ಸರ್ಕಾರ ಕೆಲವು ಇನುಯಿಟ್ ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ್ ದೂರಕ್ಕೆ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಕಾಣದ ಜಾಗಕ್ಕೆ ಒಯ್ದು ಬಿಟ್ಟಿತು. ಅದಕ್ಕೆ ಕ್ಷಮೆ ಕೇಳಿದ್ದು 2010ರಲ್ಲಿ. ತಡವಾಯಿತು, ಆದರೂ ಕೇಳಿದರು. ನಮ್ಮ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಾಡಿಗೆಲ್ಲ ಬೆಳಕು ಬಂತು. ಊರು ಮುಳುಗಿಸಿಕೊಂಡವರಲ್ಲಿ ಎಷ್ಟೋ ಮಂದಿ ಚಿಮಣಿ ಬುಡ್ಡಿಯಲ್ಲೇ ದಶಕ ಕಳೆದರು. ಅವರ ಮಕ್ಕಳಲ್ಲಿ ಎಷ್ಟು ಜನ ಆ ಪವರ್ ಹೌಸಿನ ಪ್ಯಾನೆಲ್ ಮುಂದೆ ಕೂತರು ಅಂತ ಯಾರಾದರೂ ಲೆಕ್ಕ ಇಟ್ಟಿದ್ದಾರಾ?

ಅದಕ್ಕೇ ನಿಮ್ಮ ಹುಡುಗನಿಗೆ ನನ್ನದೊಂದು ಮಾತಿದೆ. ಹೋಗಲಿ, ಚೆನ್ನಾಗಿ ದುಡಿಯಲಿ. ಆ ಊರಿನದೇ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡು, ಆ ಮುಳ್ಳು ನೋಡಿ ಬ್ರೇಕರ್ ಹಾಕೋದನ್ನು ಕಲಿಸಲಿ. ಅವರ ಕೈಗೆ ಲಾಗ್‌ಬುಕ್ ಕೊಟ್ಟೇ ಬರಲಿ. ನೀವು ನೊಂದುಕೊಳ್ಳಬೇಡಿ. ಇಷ್ಟು ಕಾಳಜಿಯಿಂದ ಬರೆಯುವ ಮಾವ ಎಷ್ಟು ಜನಕ್ಕಿದ್ದಾರೆ?

ಅಂದಹಾಗೆ ಅವನ ವಿಳಾಸ ಕಳಿಸಿ. ದೀಪಾವಳಿ ವಿಶೇಷಾಂಕ ಅಂಚೆಗೆ ಹಾಕುತ್ತೇವೆ. ಹಿಮಗಾಳಿ ಬಿಟ್ಟರೆ ಸಂಕ್ರಾಂತಿಯೊಳಗೆ ಮುಟ್ಟೀತು.

– ಸಂಪಾದಕ