ಅಮೆರಿಕನ್ ಫುಟ್‌ಬಾಲ್ ತಂಡ ವರ್ಷಾನುಗಟ್ಟಲೆ ಗೆಲ್ಲುವುದರಲ್ಲಿ ಆಡಳಿತದವರ ಪಾತ್ರ ಎಷ್ಟು?

ಬಹುಪಾಲು ಅವರದ್ದೇ. ಆಟಗಾರರು ಬಂದು ಹೋಗುತ್ತಾರೆ, ಅವರನ್ನು ಆರಿಸುವವರು ಉಳಿಯುತ್ತಾರೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 1994ರಿಂದ ಎಲ್ಲ ತಂಡಗಳಿಗೂ ಸಂಬಳದ ಮಿತಿ ಒಂದೇ. ಹಾಗಾಗಿ ದುಡ್ಡು ಸುರಿದು ಗೆಲ್ಲೋಕಾಗಲ್ಲ. ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವಾಗ, ಬೇರೆಯವರ ಕಣ್ಣಿಗೆ ಬೀಳದವರನ್ನು ಹಿಡಿಯಬೇಕು.

ಮಿತಿ ಬರುವ ಮೊದಲೇ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಇದನ್ನು ಮಾಡಿ ತೋರಿಸಿತ್ತು. 1933ರಲ್ಲಿ ಹುಟ್ಟಿದ ಈ ತಂಡ ದಶಕಗಟ್ಟಲೆ ಬರೀ ಸೋತಿತ್ತು. ಆಮೇಲೆ ಬಿಲ್ ನನ್ ಎಂಬ ಪತ್ರಕರ್ತನನ್ನು ಪ್ರತಿಭಾನ್ವೇಷಣೆಗೆ ಸೇರಿಸಿಕೊಂಡರು. ಬೇರೆ ತಂಡಗಳು ಅಷ್ಟಾಗಿ ತಲೆಕೆಡಿಸಿಕೊಳ್ಳದ ಕಪ್ಪು ವರ್ಣೀಯರ ಕಾಲೇಜುಗಳೆಲ್ಲ ಆತನಿಗೆ ಅಂಗೈ ಗೆರೆಯಷ್ಟು ಪರಿಚಿತ. ಅಲಬಾಮಾ ಎ ಅಂಡ್ ಎಂ ಕಾಲೇಜಿನ ಜಾನ್ ಸ್ಟಾಲ್‌ವರ್ತ್ 1974ರಲ್ಲಿ ನಾಲ್ಕನೇ ಸುತ್ತಿನಲ್ಲಿ ಸಿಕ್ಕಿದ್ದು ಹಾಗೆ. ಆ ಒಂದೇ ಡ್ರಾಫ್ಟ್‌ನ ನಾಲ್ವರು, ಶ್ರೇಷ್ಠ ಆಟಗಾರರಿಗೆ ಸಿಗುವ ಗೌರವವಾದ ಹಾಲ್ ಆಫ್ ಫೇಮ್ ಸೇರಿದರು. ಆರು ಸೀಸನ್‌ಗಳಲ್ಲಿ ನಾಲ್ಕು ಸೂಪರ್ ಬೌಲ್, ಅಂದರೆ ಲೀಗ್‌ನ ಚಾಂಪಿಯನ್ ಪಟ್ಟ, ಬಂತು.